ನಾನು ತೆಗೆಸದ ಟಿಕೆಟ್

ಇವತ್ತು ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಶಿವಪ್ಪ ಕಾಕಾ ಪಕ್ಕಕ್ಕೆ ಬಂದು ಕೂತರು. ಅದೇ ನಸ್ಯದ ವಾಸನೆ. ನಮ್ಮೂರ ಸಣ್ಣ ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಬರುತ್ತಿದ್ದದ್ದು.

ಅಲ್ಲಿ ಟಿಕೆಟ್ ಕೊಡುತ್ತಿದ್ದವರು ಕಾಕಾನೇ. ನಾನು ಶಾಲೆಗೆ ಹೋಗುತ್ತಿದ್ದದ್ದು ಆ ಗಾಡಿಯಲ್ಲೇ. "ನಮ್ಮೂರ ಗಾಡಿಗೆ ನಾವ್ಯಾಕ ಟಿಕೆಟ್ ತಗಸೂನು?" ಎಂದು ಅಪ್ಪ ನಗುತ್ತಿದ್ದ. ಆದರೂ ಕಾಕಾನಿಗೆ ಮುಖ ತೋರಿಸಲು ನಾಚಿ, ಊರವರೆಲ್ಲ ಹಳಿ ದಾಟಿ ಆಚೆ ಬದಿಯಿಂದ ಹತ್ತುತ್ತಿದ್ದರು.

ಟಿಕೆಟ್ ಮಾರಾಟವಾಗದಿದ್ದರೆ ನಿಲ್ದಾಣ ಮುಚ್ಚುತ್ತಾರೆಂದು ಕಾಕಾ ಮನೆಮನೆಗೆ ಬಂದು ಹೇಳಿದರು. ಮರುದಿನ ಟಿಕೆಟ್ಟಿಗೆಂದು ಅವ್ವ ರೊಕ್ಕ ಕೊಟ್ಟಳು. ನಾನು ಐಸ್‌ಕ್ಯಾಂಡಿ ತಿಂದು ಆಚೆ ಬದಿಯಿಂದಲೇ ಹತ್ತಿದೆ. ಗಾಡಿ ಬಿಡುವಾಗ ಕಿಟಕಿಯೊಳಗೆ ಒಂದು ಕೈ ಬಂತು, ಟಿಕೆಟ್ ಸಮೇತ.

"ಇದನ್ನ ಮರತ ಬಂದಿ ನೋಡವಾ," ಎಂದರು ಕಾಕಾ. ತಮ್ಮ ರೊಕ್ಕದಲ್ಲಿ ತೆಗೆಸಿದ್ದರು.

ಆಮೇಲೆ ನಿಲ್ದಾಣ ಮುಚ್ಚಿತು. ಸ್ವಲ್ಪ ದಿನಕ್ಕೆ ನಾನೂ ಶಾಲೆ ಬಿಟ್ಟೆ. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ. ಇವತ್ತು ಕಾಕಾ ಕೇಳಿದಾಗಲೂ ಅದೇ ಬಾಯಿಗೆ ಬಂತು.

"ಸಾಲಿ ಯಾಕ ಬಿಟ್ಟೆವಾ?"

"ಟೇಶನ್ ಮುಚ್ಚಿದ್ರಲ್ರಿ ಕಾಕಾ, ಹ್ಯಾಂಗ ಹೋಗ್ಲಿ?"

ಅವರು ನಸ್ಯದ ಡಬ್ಬಿಯನ್ನು ತೆರೆಯದೆ ಹಾಗೇ ಹಿಡಿದು ಕೂತರು. "ತಪ್ಪ ನಂದ ಐತಿ ತಂಗಿ. ಉಳಸಾಕ ಆಗಲಿಲ್ಲ ನನಗ."

ಅಷ್ಟರಲ್ಲಿ ನಮ್ಮೂರ ಬಸ್ ಬಂತು. ಹತ್ತಿ ಕೂತೆ. ನಾನು ಶಾಲೆ ಬಿಟ್ಟಾಗಲೂ ಈ ಬಸ್ ಓಡುತ್ತಿತ್ತು. ಬೆಳಗ್ಗೆ ಶಾಲೆಯ ಕಡೆ ಹೋಗುವಾಗ ನಮ್ಮ ಮನೆ ಮುಂದೆಯೇ ನಿಲ್ಲುತ್ತಿತ್ತು. ನನಗೇ ತರಗತಿಯಲ್ಲಿ ಕೂರುವುದು ಬೇಡವಾಗಿತ್ತು.

ಕಾಕಾ ಫೋನಿನಲ್ಲಿ ಇಂಥದ್ದನ್ನೆಲ್ಲ ಓದುವವರಲ್ಲ. ಅದು ಗೊತ್ತಿದ್ದೇ ಇಲ್ಲಿ ಬರೆಯುತ್ತಿದ್ದೇನೆ.