ಕಪ್ಪು ನೊಣ, ಕುದುರೆ ಔಷಧಿ, ನನ್ನ ಎಡಗಣ್ಣು

ನನ್ನ ಹೆಂಡತಿ ಹುಳುಗಳ ಡಾಕ್ಟರು. ಹೀಗೆಂದರೆ ಅವಳಿಗೆ ಸಿಟ್ಟು ಬರುತ್ತದೆ. ಓದಿದ್ದು ಪಶುವೈದ್ಯಕೀಯ, ಸಿಯಾಟಲ್‌ನ ಒಂದು ಪ್ರಯೋಗಾಲಯದಲ್ಲಿ ಕೆಲಸ. ಆಫ್ರಿಕಾದಲ್ಲಿ ಜನರ ಕಣ್ಣು ಕಳೆಯುವ ‘ನದಿ ಕುರುಡು’ ರೋಗದ ಹುಳುವಿಗೆ ದನಗಳ ಮೈಯಲ್ಲಿ ಬದುಕುವ ದಾಯಾದಿಗಳಿವೆ. ಆ ದಾಯಾದಿಗಳ ಜನ್ಮ ಜಾಲಾಡುವುದೇ ಅವಳ ಉದ್ಯೋಗ. ನಾನು ಅದೇ ಊರಿನ ಡೆನ್ನಿ ಟ್ರಯಾಂಗಲ್ ಬಡಾವಣೆಯ ಗಾಜಿನ ಕಟ್ಟಡದಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವನು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಹುಳುವಿನ ಮಾತು ನಿಷಿದ್ಧ. ಶಾವಿಗೆ ಮಾಡಿದ ದಿನವಂತೂ ಬೆಳಗಿನಿಂದಲೇ.

ಒಂದು ಬೇಸಿಗೆಯ ಶನಿವಾರ ಅವಳಿಗೆ ಕಪ್ಪು ನೊಣಗಳು ಬೇಕಾದವು. ರೋಗವನ್ನು ಒಂದು ಮೈಯಿಂದ ಇನ್ನೊಂದಕ್ಕೆ ದಾಟಿಸುವುದು ಈ ಜಾತಿಯ ನೊಣವೇ. ಹರಿಯುವ ನೀರಿನಲ್ಲಿ ಹುಟ್ಟುತ್ತದೆ.

“ಡುವಾಲ್ ತನಕ ಡ್ರೈವ್ ಮಾಡು, ಸಾಕು. ಬೇರೇನೂ ಕೆಲಸ ಇಲ್ಲ,” ಎಂದಳು.

ಡುವಾಲ್ ಎಂದರೆ ಸಿಯಾಟಲ್ ಆಚೆಯ ಸಣ್ಣ ಊರು. ಹೋಗಿ ನೋಡಿದರೆ ಹೊಳೆಯ ಪಕ್ಕದ ಫಾರ್ಮಿನಲ್ಲಿ ನನಗಾಗಿ ಒಂದು ಕಂದು ಹಸು ಕಾದಿತ್ತು. ನಾನು ಹಗ್ಗ ಹಿಡಿಯಬೇಕು, ಅವಳು ಹೊಟ್ಟೆಯಡಿ ನುಸುಳಿ ಹೊಕ್ಕುಳ ಸುತ್ತ ಕೂತ ನೊಣಗಳನ್ನು ಕೊಳವೆಯಿಂದ ಹೀರಿ ಸೀಸೆಗೆ ತುಂಬಬೇಕು. ಫಾರ್ಮಿನ ಯಜಮಾನಿ, ಬಿಳಿಗೂದಲಿನ ಮುದುಕಿ, ಬೇಲಿಗೆ ಒರಗಿ ನಿಂತು ನಗುತ್ತಿದ್ದಳು. ನಾನು ಹಸುವಿಗೆ ಕನ್ನಡದಲ್ಲೇ, “ಅಮ್ಮಾ ತಾಯಿ, ಒದೀಬೇಡ, ಅವಳೊಬ್ಬಳೇ ನನಗಿರೋದು,” ಎಂದೆ. ಅದು ನನ್ನ ಅಂಗಿ ನೆಕ್ಕಿತು.

“ನಿನಗೆ ಕಚ್ಚಿದ್ರೆ ಹೇಳು,” ಎಂದಳು ಹೆಂಡತಿ, ಹೊಟ್ಟೆಯಡಿಯಿಂದ.

“ನೊಣಕ್ಕೆಲ್ಲ ಹೆದರೋ ಆಸಾಮಿ ಅಲ್ಲ ನಾನು,” ಎಂದೆ. ಅಷ್ಟರಲ್ಲೇ ಎಡಗಣ್ಣಿನ ರೆಪ್ಪೆಗೆ ಚುರ್ರೆಂದಿತು. ಆಡಿದ ಮಾತು ಇನ್ನೂ ಗಾಳಿಯಲ್ಲೇ ಇತ್ತಾದ್ದರಿಂದ ಸುಮ್ಮನಿದ್ದೆ.

ಭಾನುವಾರ ಎದ್ದಾಗ ಎಡಗಣ್ಣು ತೆರೆಯಲಿಲ್ಲ. ಹೆಂಡತಿ ಆಗಲೇ ಲ್ಯಾಬಿಗೆ ಹೋಗಿದ್ದಳು. ಉಳಿದ ಒಂದು ಕಣ್ಣಿನಲ್ಲಿ ಇಂಟರ್ನೆಟ್ ತೆರೆದು ‘ಕಪ್ಪು ನೊಣ, ಕಣ್ಣು’ ಎಂದು ಹುಡುಕಿದೆ. ಬಂದ ಚಿತ್ರಗಳನ್ನು ನೋಡಿ ಕಾಫಿ ಲೋಟ ಕೆಳಗಿಟ್ಟೆ. ಹೆಂಡತಿಗೆ ಫೋನ್ ಮಾಡಲು ಮಾನ ಅಡ್ಡ ಬಂತು. ಕೆಂಟ್‌ನಲ್ಲಿರುವ ಗೆಳೆಯನಿಗೆ ಮಾಡಿದೆ. ಅವನು ವಿಮಾನದ ಬಿಡಿಭಾಗಗಳ ಎಂಜಿನಿಯರು. ಆದರೆ ಮಿಕ್ಕೆಲ್ಲ ವಿಷಯದಲ್ಲೂ ಅವನೇ ತಜ್ಞ.

“ಐವರ್‌ಮೆಕ್ಟಿನ್ ಕಣೋ, ಅದೇ ಔಷಧಿ,” ಎಂದ. “ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗೋ ಅಷ್ಟರಲ್ಲಿ ನಿನ್ನ ಹುಳು ಮೊಮ್ಮಕ್ಕಳನ್ನ ನೋಡಿರುತ್ತೆ. ನಾನೇ ತರ್ತೀನಿ.”

ತಂದ. ದನಕರುಗಳ ಸಾಮಾನಿನ ಅಂಗಡಿಯಿಂದ ಒಂದು ಟ್ಯೂಬು. ಮೇಲೆ ನಾಗಾಲೋಟದ ಕುದುರೆಯ ಚಿತ್ರ, ಮದ್ದನ್ನು ಹೊರದೂಡುವ ಪಿಸ್ಟನ್ನಿನ ಮೇಲೆ ಕುದುರೆಯ ತೂಕಕ್ಕೆ ತಕ್ಕ ಗೆರೆಗಳು. ಅಡುಗೆಮನೆಯಲ್ಲಿ ನಿಂತು ಇಬ್ಬರೂ ಲೆಕ್ಕ ಹಾಕಿದೆವು.

“ಕುದುರೆಯಷ್ಟು ತೂಕ ನಿನಗಿಲ್ಲ,” ಎಂದ ಗೆಳೆಯ. “ಕತ್ತೆಯಷ್ಟು ಹಾಕೋಣ.”

ಚಮಚದಲ್ಲಿ ಹಿಂಡಿದೆವು. ಸೇಬಿನ ವಾಸನೆ ಬಂತು. ಬಾಯಿಗಿಡಬೇಕು, ಹಿಂದಿನಿಂದ ದನಿ ಬಂತು.

“ರೀ.”

ನಮ್ಮದು ಏಕವಚನದ ಸಂಸಾರ. ಅವಳು ‘ರೀ’ ಎಂದಳೆಂದರೆ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಟ್ಯೂಬ್ ನೋಡಿದಳು, ನನ್ನ ಕಣ್ಣು ನೋಡಿದಳು, ಗೆಳೆಯನನ್ನೂ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಕೊಡೋಣ, ಯಾಕಾಗಬಾರದು. ಮೊದಲು ಟೆಸ್ಟ್ ಆಗ್ಬೇಕಲ್ಲ? ಸೊಂಟದ ಹತ್ರ ಚರ್ಮ ಒಂದು ಚೂರು ಕತ್ತರಿಸಿ ಉಪ್ಪುನೀರಿಗೆ ಹಾಕಿದ್ರೆ, ಮರಿಹುಳು ಇದ್ರೆ ಈಜ್ಕೊಂಡು ಹೊರಗೆ ಬರುತ್ವೆ. ಬನ್ನಿ, ಇಬ್ಬರೂ ಅಂಗಿ ಎತ್ತಿ.”

“ನನಗೆ ಕಚ್ಚಿಲ್ಲ ಅತ್ತಿಗೆ!”

“ಹೋಲಿಸಿ ನೋಡೋಕೆ ಒಬ್ಬ ಆರೋಗ್ಯವಂತ ಬೇಕಲ್ಲಪ್ಪ.”

ಗೆಳೆಯನಿಗೆ ಕೆಂಟ್‌ನಲ್ಲಿ ತುರ್ತು ಕೆಲಸ ನೆನಪಾಯಿತು. ಅವನ ಕಾರು ತಿರುವು ದಾಟುವವರೆಗೂ ತಡೆದುಕೊಂಡಿದ್ದವಳು ಆಮೇಲೆ ನೆಲದ ಮೇಲೆ ಕೂತು ನಕ್ಕಳು. ನಕ್ಕು ಮುಗಿಸಿ ಚಮಚವನ್ನು ಕಸಕ್ಕೆಸೆದು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕಣ್ಣಿಗೆ ಒತ್ತಿದಳು.

“ಬರೀ ಅಲರ್ಜಿ ಊತ. ಆ ನೊಣ ಮೊದಲು ರೋಗ ಇರೋ ಮನುಷ್ಯನನ್ನ ಕಚ್ಚಿ, ಮರಿಹುಳು ಕುಡ್ದು, ಅವು ಅದರ ಮೈಯಲ್ಲಿ ಬೆಳೆದ ಮೇಲೆ ತಾನೇ ನಿನಗೆ ದಾಟಿಸೋದು? ಡುವಾಲ್‌ನಲ್ಲಿ ಎಲ್ಲಿದಾರೆ ಅಂಥವರು? ಇನ್ನು ದನದ ಹುಳು ಮನುಷ್ಯನಲ್ಲಿ ಸಂಸಾರ ಹೂಡೋದು ತೀರಾ ಅಪರೂಪ. ನಿನ್ನನ್ನ ಯಾವುದೂ ಒಪ್ಪಲ್ಲ, ನಾನೊಬ್ಬಳೇ.”

“ಆದ್ರೆ ಔಷಧಿ ಅದೇ ತಾನೇ?” ಎಂದೆ, ಸ್ವಲ್ಪವಾದರೂ ಗೆಲ್ಲಲು.

“ಅದೇ. ಆದ್ರೆ ಮನುಷ್ಯರಿಗೆ ಮಾಡಿದ್ದು, ಮನುಷ್ಯರ ಅಳತೆಗೆ. ಅದೂ ಮರಿಗಳನ್ನ ಮಾತ್ರ ಕೊಲ್ಲುತ್ತೆ. ತಾಯಿಹುಳು ಚರ್ಮದಡಿ ಗಂಟು ಕಟ್ಕೊಂಡು ವರ್ಷಗಟ್ಟಲೆ ಹೆರ್ತಾನೇ ಇರುತ್ತೆ. ಅದಕ್ಕೇ ಊರಿಗೆ ಊರೇ ಪ್ರತಿವರ್ಷ ಗುಳಿಗೆ ನುಂಗ್ಬೇಕು. ತಾಯಿಹುಳುವಿನ ಮೈಯೊಳಗೆ ಒಂದು ಬ್ಯಾಕ್ಟೀರಿಯಾ ಇದೆ, ವಾರಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟು ಅದನ್ನ ಕೊಂದ್ರೆ ಹುಳು ಬಂಜೆಯಾಗಿ ನಿಧಾನಕ್ಕೆ ಸಾಯುತ್ತೆ. ದನಗಳಿಗೆ ಕೊಟ್ಟು ನೋಡಿ ಬಹಳ ಕಲಿತಿದೀವಿ.”

ಮಂಜುಗಡ್ಡೆಯ ಬಟ್ಟೆ ಮಗುಚುತ್ತ, ಕ್ಯಾಮರೂನ್‌ನಲ್ಲಿ ಕೆಲಸ ಮಾಡಿದ ವರ್ಷ ನೋಡಿದ, ಇದೇ ರೋಗವಿದ್ದ ಒಬ್ಬ ಹೆಂಗಸಿನ ಸುದ್ದಿ ಹೇಳಿದಳು. ಕಣ್ಣು ಚೆನ್ನಾಗಿಯೇ ಇತ್ತಂತೆ. ಆದರೆ ಮೈತುಂಬ ನವೆ. ಕಲ್ಲಿನ ಚೂರಿನಿಂದ ಕಾಲು ಕೆರೆದುಕೊಳ್ಳುತ್ತಿದ್ದಳಂತೆ. ಗುಳಿಗೆ ಶುರುವಾದ ಮೇಲೆ ಮತ್ತೆ ಸಿಕ್ಕವಳು ಹೇಳಿದ್ದು ಒಂದೇ ಮಾತು: ಈಗ ನಿದ್ದೆ ಬರುತ್ತದೆ. ನಾನು ಬೆಳಗಿನಿಂದ ಮಾಡಿದ ಗಲಾಟೆ ನೆನೆದು ಮಂಜುಗಡ್ಡೆಯ ಹಿಂದೆ ಮುಖ ಮರೆಮಾಡಿಕೊಂಡೆ.

ಊತ ಇಳಿದ ಮೇಲೆ ಒಂದು ದಿನ ಲ್ಯಾಬಿಗೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಯಾವುದೋ ಹಸುವಿನ ಹೊಕ್ಕುಳ ಚರ್ಮದ ಚೂರು, ಉಪ್ಪುನೀರಿನ ಒಂದು ಹನಿ. ಅದರಲ್ಲಿ ಕೂದಲಿಗಿಂತ ಸಪೂರ ಎಳೆಗಳು ಸುರುಳಿ ಸುತ್ತುತ್ತ, ಬಿಚ್ಚುತ್ತ, ಒಂದರ ಮೇಲೊಂದು ಬೀಳುತ್ತಿದ್ದವು. ಹೇಸಿಗೆಯಾಗಬೇಕಿತ್ತು. ಆಗಲಿಲ್ಲ.

“ಚೆನ್ನಾಗಿ ಈಜ್ತಾವೆ ಕಣೇ,” ಎಂದೆ.

ಮದುವೆಯಾದ ಮೇಲೆ ಅವಳ ಹುಳುಗಳಿಗೆ ನಮ್ಮ ಮನೆತನದಿಂದ ಸಿಕ್ಕ ಮೊದಲ ಹೊಗಳಿಕೆ ಅದು. ಖುಷಿಗೆ ಇನ್ನೊಂದು ಗಾಜಿನ ಪಟ್ಟಿ ತಂದಿಟ್ಟಳು. ಅದಾದ ಮೇಲೆ ಮತ್ತೊಂದು. ಮನೆಗೆ ಹೊರಡುವಾಗ ಕತ್ತಲಾಗಿತ್ತು.