ಬೆಲ್ಲದಿಂದ ಆಗದ ರಿಪೇರಿ

ನಮ್ಮ ಶಾಂತಕ್ಕ ಕೂಗಿದರೆ ಅದಿರು ಲಾರಿ ನಿಲ್ಲುತ್ತಿತ್ತು. ಉತ್ಪ್ರೇಕ್ಷೆಯಲ್ಲ. ಸಂಡೂರು ರಸ್ತೆಯ ಪಕ್ಕ ನನ್ನ ಈ ಅಕ್ಕನ ಮಿರ್ಚಿ ಬಜ್ಜಿ ಅಂಗಡಿ. 'ಬರ್ರೀ, ಬಿಸಿ ಬಿಸಿ ಮಿರ್ಚಿ!' ಎಂದರೆ ಹಾರ್ನನ್ನೂ ಮೀರಿ ಡ್ರೈವರ್ ಕಿವಿಗೆ ತಲುಪುತ್ತಿತ್ತು.

ಕಳೆದ ಉಗಾದಿಗೆ ಹೋದಾಗ ಅಕ್ಕ ಕೂಗಲಿಲ್ಲ, ಕೈ ಬೀಸಿದಳು. ಬಾಯಿ ತೆರೆದರೆ ಕೆಮ್ಮು. ಏದುಸಿರು ಬಿಡುತ್ತ ಒಲೆಯ ಪಕ್ಕ ಕುಳಿತುಬಿಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. (ಮಿರ್ಚಿ ತಿನ್ನುವುದನ್ನು ನಿಲ್ಲಿಸಲಿಲ್ಲ, ಅದು ಬೇರೆ ಮಾತು.)

'ಡಾಕ್ಟ್ರ ಹತ್ರ ಹೋಗೂಣು ನಡಿ' ಎಂದೆ.

'ಯಾಕಲೇ? ದಿನಾ ಸಂಜಿಗೆ ಬೆಲ್ಲ ತಿಂತೀನಿ. ಧೂಳೆಲ್ಲಾ ತೊಳಕೊಂಡು ಹೋಗ್ತೈತಿ.'

ನಮ್ಮ ಕಡೆ ಇದು ಎಲ್ಲರೂ ನಂಬಿದ ಔಷಧಿ. ಗಣಿಯವರು, ಲಾರಿಯವರು ಸಂಜೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ನಿಶ್ಚಿಂತೆಯಿಂದ ಮಲಗುತ್ತಾರೆ. ಅಕ್ಕನಂತೂ ಡ್ರೈವರುಗಳಿಗೆ ಮಿರ್ಚಿ ಜೊತೆ ಬೆಲ್ಲ ಪುಕ್ಕಟೆ ಕೊಡುತ್ತಿದ್ದಳು. ಆ ಬೆಲ್ಲದ ಮೇಲೂ ಕೆಂಪು ಧೂಳು!

ಕಾಡಿ ಬೇಡಿ ಕರೆದುಕೊಂಡು ಹೋದೆ. ಹೊಸಪೇಟೆಯ ಡಾಕ್ಟರ್ ಎಕ್ಸ್‌ರೇ ನೋಡಿದರು. 'ಅಮ್ಮಾ, ಬೆಲ್ಲ ಹೊಟ್ಟಿಗೆ ಹೋಗ್ತೈತಿ, ಧೂಳು ಶ್ವಾಸಕೋಶಕ್ಕ. ಎರಡರ ದಾರೀನೂ ಬ್ಯಾರೆ. ಆದ್ರ ರಿಪೇರಿ ಮಾಡೋರು ನಿಮ್ಮೊಳಗೇ ಅದಾರ್ರಿ.'

ಯಾರಂತೆ ಅವರು? ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ತೆಳ್ಳಗೆ ಹರಡಿಕೊಂಡ ಚಪ್ಪಟೆಯವು ಗಾಳಿಯಲ್ಲಿನ ಆಮ್ಲಜನಕವನ್ನು ರಕ್ತಕ್ಕೆ ದಾಟಿಸುತ್ತವೆ. ಗುಂಡಗಿನವು ಚೀಲ ಮುದುಡದಂತೆ ಒಳಗೆ ಜಾರು ದ್ರವ ಸವರುತ್ತ ಕೂತಿರುತ್ತವೆ. ಪೆಟ್ಟು ಬಿದ್ದು ಚಪ್ಪಟೆಯವು ಸತ್ತರೆ ಗುಂಡಗಿನವು ಹೆಚ್ಚಾಗುತ್ತವೆ. ಅವುಗಳಲ್ಲಿ ಕೆಲವು ಮೈ ಚಾಚಿ ಚಪ್ಪಟೆಯಾಗಿ, ಸತ್ತವುಗಳ ಜಾಗದಲ್ಲಿ ನಿಂತು ಅವುಗಳ ಕೆಲಸವನ್ನೇ ಶುರು ಮಾಡುತ್ತವೆ!

ನಮಗೆ ಇದೇನು ಹೊಸದೇ? ಜೋಳ ಬಿತ್ತುತ್ತಿದ್ದವರು ಟಿಪ್ಪರ್ ಓನರ್ ಆಗಲಿಲ್ಲವೇ? ನನ್ನ ಟೇಲರ್ ನನ್ನ ಪ್ಯಾಂಟನ್ನು ಅರ್ಧಕ್ಕೇ ಬಿಟ್ಟು ಅದಿರು ಬ್ರೋಕರ್ ಆಗಲಿಲ್ಲವೇ? ಜೀವಕೋಶ ಗಾಯ ಮುಚ್ಚಲು ಕೆಲಸ ಬದಲಿಸುತ್ತದೆ. ನಾವು ಬೆಟ್ಟಕ್ಕೆ ಗಾಯ ಮಾಡಲು ಬದಲಿಸಿದೆವು, ಅಷ್ಟೇ.

'ಆದ್ರ ಅವಕ್ಕ ಪುರಸೊತ್ತು ಕೊಡ್ರಿ' ಎಂದರು ಡಾಕ್ಟರ್. 'ಗಾಯದ ಮ್ಯಾಲೆ ದಿನಾ ಗಾಯ ಆದ್ರ ಕಲೆ ಗಟ್ಟಿ ಆಗ್ತೈತಿ. ಆಮ್ಯಾಲೆ ಅದು ಹೋಗಂಗಿಲ್ಲ. ನಿಮ್ದು ಇನ್ನೂ ಅಲ್ಲೀಮಟ ಹೋಗಿಲ್ಲ.'

ಅಂದರೆ ಆ ರಸ್ತೆ ಬಿಡಬೇಕು. ಲಾರಿ ಇಲ್ಲದ ಕಡೆ ಮಿರ್ಚಿ ಯಾರಿಗೆ ಮಾರುವುದು? ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಎದುರು ಬರುವ ಅದಿರು ಲಾರಿ ಎಣಿಸುತ್ತ ಕೂತಳು. ಇಳಿಯುವ ಹೊತ್ತಿಗೆ ಹೇಳಿದಳು: 'ಆ ಗುಂಡಗಿನವು ಹೊಸಾ ಕೆಲಸ ಕಲೀತಾವಂದ್ರ, ನನಗೇನಾಗೇತಲೇ ದಾಡಿ?'

ಈಗ ಅಂಗಡಿ ಹಂಪಿಯಲ್ಲಿ, ಬಾಳೆ ತೋಟದ ಪಕ್ಕ. ಒಲೆ ಹೋಗಿ ಗ್ಯಾಸ್ ಬಂದಿದೆ. ಫಾರಿನರ್‌ಗಳಿಗೆ 'ವೆರಿ ಹಾಟ್' ಎಂದು ಎಚ್ಚರಿಸಿಯೇ ಮಿರ್ಚಿ ಕೊಡುತ್ತಾಳೆ. ದೀಪಾವಳಿಗೆ ಹೋಗಿದ್ದೆ. ಆಟೋ ಇನ್ನೂ ದೂರದಲ್ಲಿತ್ತು, 'ಬಾರಲೇ ತಮ್ಮಾ, ಬಿಸಿ ಐತಿ!' ಎಂಬ ಕೂಗು ಕೇಳಿತು. ಕೊನೆಗೆ ಚೂರು ಕೆಮ್ಮು ಬಂತು, ನಿಜ. ಆದರೂ ಆಟೋ ನಿಂತಿತು. ನನ್ನ ಕಣ್ಣಲ್ಲಿ ನೀರು. (ಮಿರ್ಚಿ ಇನ್ನೂ ತಿಂದಿರಲಿಲ್ಲ.)

ಒಳಗಿನ ರಿಪೇರಿಯವರು ಡ್ಯೂಟಿಗೆ ಹಾಜರಾಗಿದ್ದಾರೆ, ಹೊರಗೆ ಧೂಳೆಬ್ಬಿಸುವವರು ಯಾವಾಗ ರಜೆ ಹಾಕುತ್ತಾರೆ?