ಚೀಟಿಯ ಹದಿನಾಲ್ಕನೇ ಸಾಲು

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮನೆಯ ಖರ್ಚು ಕಡಿಮೆ ಮಾಡುವುದರ ಬಗ್ಗೆ ಬರೆಯುವವರೆಲ್ಲ ಬಹಳ ಸಮಾಧಾನಿಗಳಾಗಿರುತ್ತಾರೆ. ಭಾನುವಾರದ ಪುರವಣಿಯಲ್ಲಿ ಅವರ ಫೋಟೊ ನೋಡಿದರೇ ಗೊತ್ತಾಗುತ್ತದೆ, ಅವರ ಮನೆಯಲ್ಲಿ ಯಾರೂ ಸಿಟ್ಟಿಗೆ ಪಾತ್ರೆ ಕುಕ್ಕಿಲ್ಲ. ಹೊರಗೆ ತಿನ್ನಬೇಡಿ, ಬೇಕು ಯಾವುದು ಬೇಡ ಯಾವುದು ವಿಂಗಡಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮಾತಾಡಿ ಎಂದು ನಗುನಗುತ್ತ ಹೇಳುತ್ತಾರೆ. ನಾವೂ ಒಟ್ಟಿಗೆ ಕೂತೆವು. ಕೂತದ್ದರಿಂದಲೇ ಕೆಟ್ಟೆವು.

ನಮ್ಮ ಮನೆಯವರು ಹರಿಹರದ ಪಕ್ಕ ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ದಾವಣಗೆರೆಯಿಂದ ಬೆಳಿಗ್ಗೆ ಬೈಕಿನಲ್ಲಿ ಹೋಗಿ ಸಂಜೆ ಬರುತ್ತಾರೆ. ಸಂಬಳ ಬಾಡಿಗೆಗೆ ಮತ್ತು ಅಕ್ಕಿ ಬೇಳೆಗೆ, ಹೆಚ್ಚು ಹೊತ್ತು ದುಡಿದು ತರುವ ಓಟಿ ಮಿಕ್ಕಿದ್ದಕ್ಕೆಲ್ಲ ಎಂಬುದು ನಮ್ಮ ಸಂಸಾರದ ಕಾನೂನು. ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನಗೆ ಕೊಡುವುದನ್ನು ಅವರು ಗೌರವಧನ ಎನ್ನುತ್ತಾರೆ. ಧನ ಎಷ್ಟು ಎಂದು ಕೇಳಬೇಡಿ, ಗೌರವವೂ ಅಷ್ಟಕ್ಕಷ್ಟೇ. ಹೀಗಿರುವಾಗ ಕಾರ್ಖಾನೆಗೆ ಆರ್ಡರು ಕಡಿಮೆಯಾಗಿ ಓಟಿ ನಿಂತುಹೋಯಿತು. ಅಲ್ಲಿ ಯಾರೋ ದೊಡ್ಡವರು ಕೆಲಸಗಾರರನ್ನೆಲ್ಲ ಕೂರಿಸಿ, ಪೋಲು ತಡೆಯುವುದು ಹೇಗೆ ಎಂದು ಪಾಠ ಹೇಳಿದರಂತೆ. ಇವರು ಓಟಿಯ ಬದಲು ಆ ಪಾಠವನ್ನು ಮನೆಗೆ ತಂದರು.

ಒಂದು ಭಾನುವಾರ ಅವಲಕ್ಕಿ ತಿಂದಾದ ಮೇಲೆ ಸಭೆ ಸೇರಿತು. ನಾವು ಒಟ್ಟು ನಾಲ್ಕು ಜನ. ಇವರು, ನಾನು, ಒಂಬತ್ತನೇ ಕ್ಲಾಸಿನ ಮಗಳು ಚೈತ್ರ, ಮತ್ತು ಕೊಕ್ಕನೂರಿನಿಂದ ಬಂದು ಹತ್ತು ವರ್ಷದಿಂದ ನಮ್ಮ ಜೊತೆಗೇ ಇರುವ ನಮ್ಮತ್ತೆ. ಅತ್ತೆ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇವರ ಕೈಯಲ್ಲಿ ನಾನು ಬರೆದ ಕಿರಾಣಿ ಚೀಟಿ ಇತ್ತು. ಇನ್ನೊಂದು ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುವ ನನ್ನದೇ ಕೆಂಪು ಪೆನ್ನು.

ಕಾಫಿಪುಡಿ ಅರ್ಧವಾಯಿತು. ಕೊಬ್ಬರಿ ಎಣ್ಣೆ ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಇಳಿಯಿತು. ಶನಿವಾರ ಸಂಜೆಯ ಮಂಡಕ್ಕಿ ಮಿರ್ಚಿ ಪೂರ್ತಿ ಹೋಯಿತು. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಬಿಡುವುದು ಎಂದರೆ ಹೊಳೆಯ ದಂಡೆಯಲ್ಲಿದ್ದುಕೊಂಡು ಸ್ನಾನ ಬಿಟ್ಟ ಹಾಗೆ. ಒಂದೊಂದು ಸಾಲಿಗೂ ಇವರು ಗೆರೆ ಎಳೆಯುವಾಗ ತಪ್ಪು ಉತ್ತರ ಬರೆದ ಹುಡುಗಿಯಂತೆ ನಾನು ಎದುರಿಗೆ ಕೂತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ನನ್ನ ಸಿಟ್ಟು ಕಾಫಿಪುಡಿಯ ಮೇಲಿನದಷ್ಟೇ ಅಲ್ಲ. ಆ ಚೀಟಿ ಅಡಿಗೆಮನೆಯದು. ಅದರಲ್ಲಿ ಇದ್ದದ್ದೆಲ್ಲ ಹೆಂಗಸರ ಕೈ ಹಾಯುವ ವಸ್ತುಗಳು. ಇವರ ಮೊಬೈಲಿನ ಕ್ರಿಕೆಟ್ ಚಂದಾ ಯಾವ ಚೀಟಿಯಲ್ಲೂ ಇರಲಿಲ್ಲ. ಕಾರ್ಖಾನೆಯ ಗೇಟಿನ ಹೊರಗೆ ದಿನಕ್ಕೆ ನಾಲ್ಕು ಸಲ ಕುಡಿಯುವ ಚಹಾ ಇರಲಿಲ್ಲ. ಜೊತೆಯವರ ಗೃಹಪ್ರವೇಶಕ್ಕೆ ಹಾಕಿದ ಮುಯ್ಯಿ ಇರಲಿಲ್ಲ. ಅದನ್ನು ಕೇಳಿದರೆ ಮಾನದ ಪ್ರಶ್ನೆ. ಬರೆದಿಟ್ಟವರ ಖರ್ಚು ಮಾತ್ರ ಖರ್ಚು, ಬರೆಯದವರದ್ದು ಲೋಕವ್ಯವಹಾರ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಇವರು ಸಭೆ ಮುಗಿಸುವ ದನಿಯಲ್ಲಿ ಹೇಳಿದರು. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾನು ಹದಿನೈದು ವರ್ಷದಿಂದ ಮಕ್ಕಳಿಗೆ ಕೊಡುತ್ತಿದ್ದೇನೆ. ಅವರೂ ‘ಗಾದೆಗಳು ವೇದಗಳಿಗೆ ಸಮ’ ಎಂದು ಶುರುಮಾಡಿ, ದುಂದುವೆಚ್ಚ ಮಾಡಬಾರದು ಎಂದು ಮುಗಿಸಿ ಅಂಕ ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಮಗುವೂ ಕೇಳಲಿಲ್ಲ, ಒಂದೇ ಹಾಸಿಗೆಯಲ್ಲಿ ನಾಲ್ಕು ಜನ ಮಲಗಿದ್ದರೆ ಯಾರ ಕಾಲು ಮಡಚಬೇಕು ಎಂದು. ಕೇಳದ್ದು ಅವರ ತಪ್ಪಲ್ಲ. ನನಗೇ ಹೊಳೆದಿರಲಿಲ್ಲ. ಗಾದೆ ಕಟ್ಟಿದವನು ಒಬ್ಬನೇ ಮಲಗುತ್ತಿದ್ದನೆಂದು ಕಾಣುತ್ತದೆ.

ಆದರೆ ಗಾದೆಗೂ ಮೊದಲು ಇನ್ನೊಂದು ನಡೆದಿತ್ತು. ನಾನು ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಬಿಟ್ಟೆ. ಚೀಟಿಯ ಹದಿನಾಲ್ಕನೇ ಸಾಲು ಬಂದಾಗ ಇವರು ಓದುವ ಭರದಲ್ಲಿ, “ಪ್ಯಾಡು, ಮೂರು ಪ್ಯಾಕೆಟ್. ಇದು ತಿಂಗಳಿಗೆ ಮೂರು ಯಾಕ ಬೇಕು?” ಎಂದುಬಿಟ್ಟರು. ಅಂದ ಮೇಲೆ ಏನು ಓದಿದೆ ಎಂದು ಅವರಿಗೇ ತಿಳಿಯಿತು. ಕೆಮ್ಮಿದರು. ಮೂರನ್ನು ಹೊಡೆದು ಒಂದು ಎಂದು ಬರೆದು ಸೋಪಿನ ಪುಡಿಗೆ ಹಾರಿದರು. ಚೈತ್ರ ತಟ್ಟೆಯಲ್ಲಿ ಉಳಿದಿದ್ದ ಶೇಂಗಾ ಬೀಜ ಎಣಿಸುತ್ತಿದ್ದಳು. ನಾನು ಬಾಯಿ ಬಿಡಬೇಕಾದ ಹೊತ್ತು ಅದು. ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಇದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ ಎಂದು ಭಾಷಣ ಮಾಡುವವಳು ನಾನು. ಮದುವೆಯಾಗಿ ಹದಿನೇಳು ವರ್ಷವಾದ ಗಂಡನ ಎದುರು ಸುಮ್ಮನೆ ಕೂತೆ. ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ. ಗರ್ಭಕೋಶ ತೆಗೆಸಿದ ಮೇಲೆ ನನಗೆ ಅದು ಬೇಕಾಗುತ್ತಿರಲಿಲ್ಲ; ಕಾಫಿಪುಡಿಯ ದುಃಖದಲ್ಲಿ ಮರೆತೂಬಿಟ್ಟೆ.

ಮುಂದಿನ ತಿಂಗಳು ಚೈತ್ರ ತಲೆನೋವು ಎಂದು ಅಜ್ಜಿಗೆ ಹೇಳಿ ಎರಡು ದಿನ ಶಾಲೆಗೆ ಹೋಗಲಿಲ್ಲ. ಅದರ ಮುಂದಿನ ತಿಂಗಳು ಮೂರು ದಿನ. ಅವಳ ಶಾಲೆ ಬೇರೆ, ನನ್ನದು ಬೇರೆ. ನಾನು ಹೊರಟ ಮೇಲೆ ಅವಳು ಹೊರಡುವುದು, ಹಾಗಾಗಿ ನನಗೆ ತಿಳಿಯಲಿಲ್ಲ. ಮೂರನೇ ತಿಂಗಳು ಅವಳ ಕ್ಲಾಸ್ ಟೀಚರ್ ಫೋನ್ ಮಾಡಿದರು. “ಮೇಡಂ, ತಿಂಗಳಾ ತಿಂಗಳಾ ತಪ್ಪಿಸ್ಕೊಳ್ತಾಳೆ. ಗಣಿತದ ಟೆಸ್ಟೂ ಬರ್ದಿಲ್ಲ. ಮನ್ಯಾಗ ಏನಾದ್ರೂ ತೊಂದ್ರೆ ಐತೇನ್ರಿ?” ಅಂದರು. ಏನೂ ಇಲ್ಲ ಅಂದೆ. ನನ್ನ ಮಗಳ ಬಗ್ಗೆ ಇನ್ನೊಬ್ಬ ಟೀಚರ್ ನನಗೆ ಹೇಳುವುದೇ ಎಂದು ಅದಕ್ಕೂ ಸಿಟ್ಟು ಬಂತು. ಸಿಟ್ಟಿನಲ್ಲೇ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ.

ಚೈತ್ರ ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಹಿಂದೆ ನಿಂತಿದ್ದಳು. ನನ್ನನ್ನು ಕಂಡು ಏನನ್ನೋ ಟವೆಲಿನ ಕೆಳಗೆ ಸರಿಸಿದಳು. ಟವೆಲ್ ಎತ್ತಿದೆ. ಒರೆಸಲು ಇಟ್ಟಿದ್ದ ನನ್ನ ಹಳೆ ಸೀರೆಯ ತುಂಡುಗಳು. ಇನ್ನುಳಿದವನ್ನು ತೊಳೆದು, ಯಾರ ಕಣ್ಣಿಗೂ ಬೀಳದ ಹಾಗೆ ಒದ್ದೆ ಗೋಡೆಗೆ ಒತ್ತಿ ಹರವಿದ್ದಳು. ಅಲ್ಲಿಗೆ ಬಿಸಿಲು ಬರುವುದಿಲ್ಲ. ತುಂಡುಗಳಿಂದ ಮುಗ್ಗುಲು ವಾಸನೆ ಬರುತ್ತಿತ್ತು.

“ಇದೇನೇ ಇದು?” ಅಂದೆ.

“ಅಪ್ಪ ಒಂದೇ ಸಾಕು ಅಂದ್ರಲ್ಲ,” ಅಂದಳು. “ಒಂದ್ರಾಗ ಎರಡು ದಿನಾನೂ ಆಗಲ್ಲಮ್ಮ.”

“ನಂಗೆ ಹೇಳಾಕೆ ಏನಾಗಿತ್ತು?”

“ನೀನೂ ಅಲ್ಲೇ ಇದ್ದೆಲ್ಲ. ಏನೂ ಅನ್ಲಿಲ್ಲ. ಅದ್ಕೆ ನಿಂಗೂ ಸರಿ ಅನ್ಸಿರ್ಬೇಕು ಅಂದ್ಕೊಂಡೆ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಅಳಲೂ ಇಲ್ಲ, ದೂರಲೂ ಇಲ್ಲ. ಮನೆಗೆ ಕಷ್ಟ ಬಂದಾಗ ಮಾಡಬೇಕಾದ್ದನ್ನು ಮಾಡಿದವಳ ಹಾಗೆ ನಿಂತಿದ್ದಳು. ಕೂತುಕೊಳ್ಳಲು ಆಗದಷ್ಟು ತೊಡೆಯ ಸಂದು ಕೆಂಪಾಗಿ ಗಾಯವಾಗಿದೆ ಎಂದು ಬಹಳ ಕೇಳಿದ ಮೇಲೆ ಹೇಳಿದಳು. ಸಂಜೆಯೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು, “ಬಟ್ಟೆ ತಪ್ಪಲ್ಲಮ್ಮ. ಬಿಸಿಲಿಗೆ ಒಣಗಿಸ್ದೆ ಬಚ್ಚಿಟ್ಟಿದ್ದು ತಪ್ಪು,” ಎಂದು ಮುಲಾಮು, ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳು ಹದಿನಾಲ್ಕನೇ ಸಾಲಿನಲ್ಲಿ ಉಳಿಸಿದ್ದಕ್ಕೆ ಎರಡರಷ್ಟು ಆ ಒಂದು ಸಂಜೆ ಹೋಯಿತು. ದುಡ್ಡು ಹೋಗಲಿ. ಬಿಟ್ಟುಹೋದ ಏಳೆಂಟು ದಿನದ ಪಾಠ ಯಾವ ಔಷಧದ ಅಂಗಡಿಯಲ್ಲಿ ಸಿಗುತ್ತದೆ?

ಇವರು ಬಂದು ಹೆಲ್ಮೆಟ್ ಇಡುವುದಕ್ಕೂ ಬಿಡಲಿಲ್ಲ. ಅಂದು ನಾನು ಏನೇನು ಅಂದೆ ಎಂಬುದೆಲ್ಲ ನೆನಪಿಲ್ಲ; ಪಕ್ಕದ ಮನೆಯವರನ್ನು ಕೇಳಿದರೆ ಹೇಳಿಯಾರು. ಕ್ರಿಕೆಟ್ಟು ಬಂತು, ಮುಯ್ಯಿ ಬಂತು, ನಾಲ್ಕು ಚಹಾ ಬಂದವು. ಇವರು ಮೊದಲು ಅರ್ಥವಾಗದೆ ನಿಂತರು. ಅರ್ಥವಾದ ಮೇಲೆ ಕುರ್ಚಿಯ ತುದಿಗೆ ಕೂತರು.

“ನಾ ಬೇಕಂತ ಮಾಡ್ಲಿಲ್ಲ ಕಣೇ. ಓದ್ತಾ ಓದ್ತಾ ಬಾಯಿಗೆ ಬಂತು. ಅಲ್ಲೇ ನಿಂತ್ರೆ ಇನ್ನೂ ನಾಚ್ಕೆ ಅಂತ, ಕೈಗೆ ಬಂದಂಗೆ ಒಂದು ಅಂತ ಬರ್ದು ಮುಂದೆ ಹೋದೆ,” ಅಂದರು.

ಅದು ನಿಜ. ಇವರು ದುಷ್ಟರಲ್ಲ. ನಾಚಿಕೆ ತಪ್ಪಿಸಿಕೊಳ್ಳಲು ಒಬ್ಬರು ಒಂದು ಗೆರೆ ಎಳೆದರು, ಅದೇ ನಾಚಿಕೆಗೆ ಇನ್ನೊಬ್ಬಳು ಬಾಯಿ ಮುಚ್ಚಿದಳು, ಇಬ್ಬರ ನಾಚಿಕೆಯನ್ನೂ ಹದಿನಾಲ್ಕು ವರ್ಷದ ಹುಡುಗಿ ಮೈಮೇಲೆ ಹೊತ್ತಳು. ಇದು ಗೊತ್ತಾಗಿ ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ಅರ್ಧ ನನ್ನ ಕಡೆಗೇ ತಿರುಗಿತು, ಅಷ್ಟೇ.

ಮಂಚದ ಮೇಲಿದ್ದ ಅತ್ತೆ ಮಗನ ಕಡೆ ತಿರುಗಿ ಬಾಯಿ ತೆರೆದರು. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಎನ್ನುತ್ತಾರೆಂದು ನಾನು ಜಗಳಕ್ಕೆ ತಯಾರಾದೆ.

“ಲೇ ಮಂಜ, ನಾನೂ ಬಟ್ಟಿನೇ ಕಟ್ಕೊಂಡಾಕಿ,” ಅಂದರು. “ಹುಲ್ಲಿನ ಬಣವಿ ಹಿಂದೆ ನೆರಳಾಗ ಒಣಗಿಸ್ತಿದ್ದೆ. ಮಳಿಗಾಲದಾಗ ಹಸೀದೇ ಕಟ್ಕೊಂಡು ಗದ್ದ್ಯಾಗ ನಾಟಿ ಮಾಡೀನಿ. ಹುಣ್ಣಾಗಿ ನಡ್ಯಾಕೆ ಬರ್ತಿರ್ಲಿಲ್ಲ. ನಿಮ್ಮಪ್ಪಗೆ ಹೇಳಿಲ್ಲ. ಹೇಳಂಗಿರ್ಲಿಲ್ಲ ಆ ಮನುಷ್ಯಂಗೆ. ನಿನ್ ಮಗಳು ನಿಂಗಾದ್ರೂ ಹೇಳಂಗಿರ್ಬೇಕು.”

ಹತ್ತು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅತ್ತೆಯ ಈ ಮಾತು ನನಗೂ ಹೊಸದು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇವರು ಬೈಕ್ ಹತ್ತುವಾಗ ನಾನು ಇನ್ನೂ ಬಿಸಿಯಾಗಿಯೇ ಇದ್ದೆ. “ಸಂಜೆ ಬರ್ವಾಗ ನೀವೇ ತರ್ರಿ,” ಅಂದೆ. “ಪೇಪರ್‌ನಾಗ ಸುತ್ತಿಸ್ಕೊಂಡು ಬರಬ್ಯಾಡ್ರಿ. ಉಪ್ಪಿನ ಪ್ಯಾಕೆಟ್ ಸುತ್ತಿಸ್ತೀರೇನು?” ಇವರು ಹೂಂ ಅಂದರು.

ಸಂಜೆ ಒಂದು ಗಂಟೆ ತಡವಾಗಿ ಬಂದರು. ದಾವಣಗೆರೆಯ ಅಂಗಡಿಗಳಲ್ಲಿ ಎಲ್ಲರೂ ಗುರುತಿನವರು ಎಂದು ಹರಿಹರದ ಪೇಟೆಯಲ್ಲೇ ಕೊಳ್ಳಲು ಹೋಗಿದ್ದರಂತೆ. ಮೊದಲನೇ ಅಂಗಡಿಯಲ್ಲಿ ಕಾರ್ಖಾನೆಯವರೇ ಒಬ್ಬರು ನಿಂತಿದ್ದರು; ಇವರು ನೋವಿನ ಮುಲಾಮು ಕೊಂಡು ಹೊರಬಿದ್ದರು. ಎರಡನೇ ಅಂಗಡಿಯಲ್ಲಿ ಬಾಯಿಂದ ಮಾತು ಹೊರಡದೆ ಕೆಮ್ಮಿನ ಔಷಧ ಕೊಂಡರು. ಮೂರನೆಯದರಲ್ಲಿ ಒಬ್ಬ ಹೆಂಗಸು ಇದ್ದಳು. ಧೈರ್ಯ ಮಾಡಿ ಕೇಳಿದರು. ಆಕೆ, “ಯಾವ ಸೈಜ್ ಕೊಡ್ಲಿ ಅಣ್ಣಾ?” ಅಂದಳು. ಇವರು, “ಒಂಬತ್ತನೇ ಕ್ಲಾಸು,” ಅಂದರಂತೆ.

ಆ ತಾಯಿ ನಗಲಿಲ್ಲವಂತೆ. ಅವಳ ಹೊಟ್ಟೆ ತಣ್ಣಗಿರಲಿ. ಇದ್ದ ನಮೂನೆಗಳನ್ನೆಲ್ಲ ತೆಗೆದು ಮುಂದಿಟ್ಟಳು. ಇವರು ಎಲ್ಲ ಒಂದೊಂದು ಕೊಡಿ ಎಂದು, ಪೇಪರ್ ಸುತ್ತಲು ಹೋದವಳನ್ನು ತಡೆದು, ಕೈಚೀಲದಲ್ಲಿ ಹಾಕಿಸಿಕೊಂಡು, ಚೀಲವನ್ನು ಬೈಕಿನ ಹ್ಯಾಂಡಲ್ಲಿಗೆ ತೂಗಿಸಿಕೊಂಡು ದಾವಣಗೆರೆಯವರೆಗೂ ಬಂದಿದ್ದರು.

ಊಟದ ಮೇಜಿನ ಮೇಲೆ ಏಳು ಪ್ಯಾಕೆಟ್, ಒಂದು ಮುಲಾಮು, ಒಂದು ಕೆಮ್ಮಿನ ಔಷಧ ಸಾಲಾಗಿ ನಿಂತವು. ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ. ಆ ತಿಂಗಳ ಲೆಕ್ಕ ಅಲ್ಲಿಗೇ ಮಣ್ಣು ಮುಕ್ಕಿತು. ಬೈಯಲು ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುತ್ತಿರಲಿಲ್ಲ. ಆದರೆ ಚೈತ್ರ ಮುಲಾಮಿನ ಡಬ್ಬಿಯನ್ನು ಎತ್ತಿ ನೋಡಿ ನಕ್ಕುಬಿಟ್ಟಳು. ಮೂರು ತಿಂಗಳಲ್ಲಿ ಆ ನಗುವನ್ನೂ ನಾವು ಕಡಿಮೆ ಮಾಡಿಕೊಂಡಿದ್ದೆವು ಎಂದು ನನಗೆ ತಿಳಿದದ್ದು ಆಗಲೇ.

“ಯಾವ್ದು ಅಂತ ಗೊತ್ತಾಗ್ಲಿಲ್ಲ ಪುಟ್ಟಿ,” ಅಂದರು ಇವರು. “ನಿಂಗೆ ಯಾವ್ದು ಬೇಕೋ ಒಂದು ಚೀಟ್ಯಾಗ ಬರ್ಕೊಡು. ಮುಂದಿನ್ ಸಲ ಅದನ್ನೇ ತರ್ತೀನಿ.”

“ಬರ್ಯದು ಯಾಕಪ್ಪ? ಬಾಯಾಗೇ ಹೇಳ್ತೀನಿ,” ಅಂದಳು ಚೈತ್ರ.

ಹೇಳಿದಳು. ಹೆಸರು, ಸೈಜು, ತಿಂಗಳಿಗೆ ಎಷ್ಟು, ಎಲ್ಲ. ಇವರು ಪಾಠ ಒಪ್ಪಿಸುವ ಹುಡುಗನ ಹಾಗೆ ಮೆಲ್ಲಗೆ ಎರಡು ಸಲ ಹೇಳಿಕೊಂಡರು. ಎರಡನೇ ಸಲ ಸೈಜು ತಪ್ಪಿತು. ಅವಳು ತಿದ್ದಿದಳು.